ಹಂಡೆ ಕಾಯಿದೆ

ಹೆಣ್ಣು ಕೊಟ್ಟವರನ್ನು ಬೀಗರು ಯಾವುದಾದರೂ ಒಂದಕ್ಕೆ ಆಡಿಕೊಳ್ಳಲೇಬೇಕು, ಅದು ಅವರ ಹಕ್ಕು. ಒಬ್ಬರ ಮನೆ ಪಾಯಸದಲ್ಲಿ ದ್ರಾಕ್ಷಿ ಸಿಗಲಿಲ್ಲ ಅನ್ನುತ್ತಾರೆ. ಇನ್ನೊಬ್ಬರ ಮನೆ ವಾಲಗದವನು ತಾಳಿ ಕಟ್ಟುವ ಹೊತ್ತಿಗೆ ತೂಕಡಿಸುತ್ತಿದ್ದ ಅನ್ನುತ್ತಾರೆ. ಕೇಳಿಸಿಕೊಂಡವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಆದರೆ ಮೈಸೂರಿನ ಕೃಷ್ಣಮೂರ್ತಿಪುರದ ಜವರಯ್ಯನಿಗೆ ಬೀಗಿತಿ ಸರೋಜಮ್ಮ ಆಡಬಾರದ ಒಂದು ಮಾತು ಆಡಿಬಿಟ್ಟಿದ್ದರು. ಸ್ನಾನದ ನೀರು ತಣ್ಣಗಿತ್ತು ಅಂದಿದ್ದರು.

ಬೇರೆಯವರಾಗಿದ್ದರೆ ಒರೆಸಿಕೊಂಡು ಹೋಗುತ್ತಿದ್ದರು. ಜವರಯ್ಯ ಹೇಗೆ ಒರೆಸಿಕೊಂಡಾನು? ಅವನು ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಬೀದಿಯಲ್ಲೆಲ್ಲ ಅವನಿಗೆ ಬಾಯ್ಲರ್ ಜವರಯ್ಯ ಎಂದೇ ಹೆಸರು. ಮನೆಯಷ್ಟು ದೊಡ್ಡ ಕಬ್ಬಿಣದ ಹೊಟ್ಟೆಯಲ್ಲಿ ನೀರು ಕುದಿಸಿ, ಆ ಉಗಿಯಿಂದ ಇಡೀ ಮಿಲ್ಲನ್ನು ಓಡಿಸುವ ಮನುಷ್ಯ ಮಗಳ ಮದುವೆಯಲ್ಲಿ ಬೀಗಿತಿಗೆ ಒಂದು ಚೆಂಬು ಬಿಸಿನೀರು ಕೊಡಲಿಲ್ಲ ಎಂದರೆ, ಅವನು ಮುಖ ಎತ್ತಿಕೊಂಡು ಓಡಾಡುವುದು ಹೇಗೆ?

(ಆದದ್ದು ಇಷ್ಟು. ಛತ್ರದಲ್ಲಿ ಗಂಡಿನ ಕಡೆಯವರೆಲ್ಲ ಒಟ್ಟಿಗೇ ಬಚ್ಚಲಿಗೆ ನುಗ್ಗಿದರು. ಬಿಸಿ ಅಂದವನು ಹಂಡೆಗೇ ತಣ್ಣೀರು ಸುರಿದ. ಅವನ ಹಿಂದಿನವನು ತಣ್ಣಗಾಯಿತೆಂದು ಒಲೆಗೆ ಸೌದೆ ತುರುಕಿದ. ಅವನ ಹಿಂದಿನವನು ಸುಟ್ಟಿತೆಂದು ಮತ್ತೆ ತಣ್ಣೀರು ಸುರಿದ. ಸರೋಜಮ್ಮನ ಸರದಿ ಬರುವ ಹೊತ್ತಿಗೆ ಛತ್ರದ ಬಾವಿಯೇ ಎದ್ದು ಬಂದು ಹಂಡೆಯೊಳಗೆ ಕೂತಿತ್ತು.)

ಅವತ್ತಿನಿಂದ ಸರೋಜಮ್ಮ ತಮ್ಮೂರು ಇಲವಾಲದ ಸುತ್ತ ಯಾವ ಮದುವೆಗೆ ಹೋದರೂ, ಯಾವ ನಾಮಕರಣಕ್ಕೆ ಹೋದರೂ, ಎಲೆ ಹಾಕುವ ಮುಂಚೆ ಈ ಕಥೆ ಬಡಿಸುತ್ತಿದ್ದರು. "ನಮ್ ಬೀಗ್ರು ಬಾಯ್ಲರ್ ನೋಡ್ಕಳೋದು ಕಣ್ರವ್ವ. ಅದ್ಕೇ ಬಿಸಿನೀರೆಲ್ಲ ಮಿಲ್ಗೇ ಆಗೋಯ್ತದೆ, ಮನೆಗೆ ಉಳಿಯಾಕಿಲ್ಲ" ಅನ್ನುತ್ತಿದ್ದರು. ಕೇಳಿದವರು ನಕ್ಕು ನಕ್ಕು ಅದನ್ನು ಮೈಸೂರಿನವರೆಗೂ ತಂದು ಮುಟ್ಟಿಸುತ್ತಿದ್ದರು.

ಹೀಗಿರುವಾಗ ದೀಪಾವಳಿ ಬಂತು. ಅಳಿಯನಿಗೆ ಮಾವನ ಮನೆಯಲ್ಲಿ ಮೊದಲನೆಯ ದೀಪಾವಳಿ. ಎಣ್ಣೆ ಹಚ್ಚಿ ನೀರು ಹಾಕುವುದೇ ಹಬ್ಬ, ಉಳಿದದ್ದೆಲ್ಲ ಅದರ ಬಾಲ. ಮಗಳು ಪ್ರೇಮಲೀಲಾ ಮುಂಚೆಯೇ ತವರಿಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಸುದ್ದಿ ಹೇಳಿದಳು.

"ಅಪ್ಪ, ಅವರ ಜೊತೇಲಿ ಅತ್ತೇನೂ ಬತ್ತಾರಂತೆ."

"ಬರ್ಲಿ."

"ಬಾಯ್ಲರ್ನೋರ ಮನೆ ನೀರು ಒಂದ್ಸಲಿ ನೋಡೇಬುಡ್ತೀನಿ ಅಂದ್ರು."

ಜವರಯ್ಯ ಮತ್ತೆ "ಬರ್ಲಿ" ಅಂದ. ಅವನು ಹೆಚ್ಚು ಮಾತಿನವನಲ್ಲ. ಆದರೆ ಆ ಎರಡನೆಯ "ಬರ್ಲಿ" ಕೇಳಿ ಹೆಂಡತಿ ದೇವೀರಮ್ಮನಿಗೆ ಹೆದರಿಕೆಯಾಯಿತು. ಗಂಡ ಒಂದೇ ಮಾತನ್ನು ಎರಡು ಸಲ ಆಡಿದನೆಂದರೆ ಮನೆಯಲ್ಲಿ ಏನೋ ಒಂದು ಕೆಡುತ್ತದೆ ಎಂದು ಅವಳಿಗೆ ಸಂಸಾರ ಮಾಡಿ ಗೊತ್ತಿತ್ತು.

ಊಟವಾದ ಮೇಲೆ ಜವರಯ್ಯ ಎಲ್ಲರನ್ನೂ ಹಿತ್ತಿಲಿಗೆ ಕರೆದ. ಎಲ್ಲರೂ ಅಂದರೆ ದೇವೀರಮ್ಮ, ಪ್ರೇಮಲೀಲಾ, ಚಿಕ್ಕ ಮಗಳು ನಾಗಮಣಿ, ಮತ್ತು ಅವನ ತಾಯಿ ಪುಟ್ಟತಾಯಮ್ಮ. ಪುಟ್ಟತಾಯಮ್ಮನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಇಲ್ಲಿಂದಲೇ ಗದರುತ್ತಿದ್ದಳು.

ಆ ಮನೆಯ ಬಚ್ಚಲು ಹಳೆಯ ಕಾಲದ್ದು. ತಾಮ್ರದ ಹಂಡೆ ಒಳಗೆ, ಅದರ ಒಲೆಯ ಬಾಯಿ ಹೊರಗೆ ಹಿತ್ತಿಲಿಗೆ. ಹಂಡೆಯ ನೇರಕ್ಕೆ ಗೋಡೆಯಲ್ಲಿ ಒಂದು ಕಿಂಡಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರೆ ಹೊರಗಿನಿಂದಲೇ ಆ ಕಿಂಡಿಯಲ್ಲಿ ಹಂಡೆಗೆ ಕೊಡ ಬಗ್ಗಿಸಬಹುದು.

"ಮಿಲ್ಲಿನ ಬಾಯ್ಲರ್ಗೆ ಕಾಯಿದೆ ಅದೆ" ಅಂದ ಜವರಯ್ಯ. "ಮೀಟರ್ ಮುಳ್ಳು ಇಳುದ್ರೆ ಸೌದೆ ಹಾಕು. ಮುಳ್ಳು ಏರುದ್ರೆ ತೆಗಿ. ಸರಿಯಾಗಿದ್ರೆ ಮುಟ್ಟಬ್ಯಾಡ. ಹಂಡೆಗೆ ಕಾಯಿದೆ ಇಲ್ಲ. ಅದಕ್ಕೇ ಮದುವೇಲಿ ಮಾನ ಹೋಯ್ತು."

ದೇವೀರಮ್ಮ ಹಂಡೆಯ ಕಡೆ ನೋಡಿದಳು. "ಹಂಡೆಗೆ ಮುಳ್ಳು ಎಲ್ಲದೆ?"

"ಒಳಗೆ ಕೂತೋರೇ ಮುಳ್ಳು. ಅವರು ತಣ್ಣಗದೆ ಅಂದ್ರೆ ಒಂದು ಸೌದೆ ಇಕ್ಕೋದು. ಬಿಸಿ ಅಂದ್ರೆ ಕೊಳ್ಳಿ ಎಳೆಯೋದು, ಒಂದು ಕೊಡ ನೀರು ಹುಯ್ಯೋದು. ಚೆನ್ನಾಗದೆ ಅಂದ್ರೆ ಯಾರೂ ಏನೂ ಮುಟ್ಟಂಗಿಲ್ಲ."

"ಅಯ್ಯೋ, ನಾನು ಈ ಮನೆ ತುಂಬ್ದಾಗಿಂದ ಈ ಹಂಡೇಲಿ ನೀರು ಕಾಯಿಸ್ತಾವ್ನಿ. ಒಂದು ಕೈ ಅದ್ದಿ ನೋಡುದ್ರೆ ಗೊತ್ತಾಗಾಕಿಲ್ವ?"

"ಅಳಿಯ ಒಳಗೆ ಸ್ನಾನಕ್ಕೆ ಕೂತಿದ್ರೆ ನೀನೋಗಿ ಕೈ ಅದ್ದೀಯಾ?"

"ಥೂ! ಬುಡ್ತು ಅನ್ರೀ!" ಎಂದು ದೇವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಾದ ಅಲ್ಲಿಗೆ ಮುಗಿಯಿತು.

ಕಾಯಿದೆ ಇನ್ನೂ ಒಂದಿತ್ತು. ಬಚ್ಚಲಿನಲ್ಲಿ ಹಂಡೆಯ ಪಕ್ಕ ತಣ್ಣೀರಿನ ಬಾನಿಯೊಂದು ತಲೆತಲಾಂತರದಿಂದ ಇತ್ತು. ಜವರಯ್ಯ ಅದನ್ನು ಹೊರಗೆ ಸಾಗಿಸಿದ. ಬಿಸಿನೀರಿಗೆ ತಣ್ಣೀರು ಬೆರೆಸಿಕೊಳ್ಳುವುದು ಕಾಯಿಸಲು ಬಾರದವರ ಮನೆಯ ಪದ್ಧತಿ ಎಂದು ಅವನ ವಾದ. ಹಂಡೆಯಲ್ಲಿ ನೀರು ಹೇಗಿರಬೇಕು ಅಂದರೆ, ಹಾಗೆಯೇ ತೋಡಿ ಹಾಗೆಯೇ ಮೈಮೇಲೆ ಹುಯ್ದುಕೊಳ್ಳುವಂತಿರಬೇಕು. "ಬಾಯ್ಲರ್ ಉಗಿಗೆ ಯಾರಾದ್ರೂ ತಣ್ಣೀರು ಬೆರೆಸ್ತಾರ?" ಎಂದು ಕೇಳಿದ. ಆ ಮನೆಯಲ್ಲಿ ಯಾರೂ ಬಾಯ್ಲರ್ ಉಗಿಗೆ ಏನನ್ನೂ ಬೆರೆಸಿರಲಿಲ್ಲವಾದ್ದರಿಂದ ಸುಮ್ಮನಿದ್ದರು.

ಭಾನುವಾರ ತಾಲೀಮು.

"ಅವ್ವ, ಇವತ್ತು ನೀನೇ ಅಳಿಯ" ಅಂದ ಜವರಯ್ಯ.

"ಆಗ್ಲಿ ಕಣ್ಲಾ. ಹಲ್ಲಿಲ್ಲದ ಅಳಿಯ ಇವತ್ತೊಂದಿನ ಇರ್ಲಿ" ಎಂದು ಪುಟ್ಟತಾಯಮ್ಮ ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡು ಒಳಗೆ ಹೋಗಿ ಕೂತಳು.

ಮೊದಲ ಚೆಂಬಿಗೇ ಒಳಗಿನಿಂದ ಕೂಗು ಬಂತು. "ತಣ್ಣಗದೆ ಕಣ್ಲಾ ಜವ್ರ!"

ಜವರಯ್ಯ ಒಂದು ಸೌದೆ ಇಟ್ಟ. ಸೌದೆ ಹೊಗೆಯಾಡಿತು. ಇಟ್ಟ ಸೌದೆ ಇಟ್ಟ ಕೂಡಲೇ ಉರಿಯುವುದಿಲ್ಲ, ಉರಿದ ಕೂಡಲೇ ನೀರು ಕಾಯುವುದಿಲ್ಲ. ಆದರೆ ಎಣ್ಣೆ ಮೈಯಲ್ಲಿ ಕೂತ ಮುದುಕಿಗೆ ಅದನ್ನೆಲ್ಲ ಯೋಚನೆ ಮಾಡುವ ತಾಳ್ಮೆ ಎಲ್ಲಿ? "ತಣ್ಣಗದೆ ಅಂದ್ನಲ್ಲೋ!" ಎಂದು ಮತ್ತೆ ಕೂಗಿದಳು. ಅಡುಗೆಮನೆಯಿಂದ ದೇವೀರಮ್ಮ ಬಂದು ಕಾಯಿದೆ ಪ್ರಕಾರ ಒಂದು ಸೌದೆ ಇಟ್ಟು ಹೋದಳು. ಮತ್ತೊಂದು ಕೂಗಿಗೆ ಪ್ರೇಮಲೀಲಾ ಬಂದು ಇಟ್ಟಳು. ಪುಸ್ತಕ ಓದುತ್ತಿದ್ದ ನಾಗಮಣಿ, ತಾನೊಬ್ಬಳು ಕಾಯಿದೆ ಮುರಿದಂತಾಗಬಾರದೆಂದು, ಎರಡು ಇಟ್ಟಳು.

ಒಲೆ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಎಲ್ಲವನ್ನೂ ಒಟ್ಟಿಗೇ ಹಿಡಿದುಕೊಂಡಿತು.

"ಅಯ್ಯಯ್ಯಪ್ಪೋ! ಸುಟ್ಟೆ ಕಣ್ಲಾ! ಹೆತ್ತವ್ವನ್ನ ಬೇಯಿಸ್ತಾವ್ನೆ ಕಣ್ರಪ್ಪೋ!"

ನಾಲ್ಕು ಜನ ನಾಲ್ಕು ಕೊಳ್ಳಿ ಎಳೆದರು. ನಾಲ್ಕು ಜನ ಕಿಂಡಿಯಲ್ಲಿ ನಾಲ್ಕು ಕೊಡ ಬಗ್ಗಿಸಿದರು. ಒಳಗಿನಿಂದ, "ಈಗ ತಣ್ಣಗದೆ!" ಮತ್ತೆ ನಾಲ್ಕು ಸೌದೆ. ಪುಟ್ಟತಾಯಮ್ಮನ ಅಭ್ಯಂಜನ ಬೆಂಕಿಗೂ ಬಾವಿಗೂ ಉಯ್ಯಾಲೆಯಾಡುತ್ತ ಹೊತ್ತು ನೆತ್ತಿಗೆ ಬರುವವರೆಗೆ ನಡೆಯಿತು. ಕಡೆಗೆ ಮುದುಕಿ ಸೀನುತ್ತ ಹೊರಗೆ ಬಂದು, "ಲೇ ಜವ್ರ, ನಾನು ಸತ್ತಾಗ ನೀರು ಹಾಕೋಕೆ ಬೇರೆ ಯಾರ್ನಾದ್ರೂ ಕರ್ಸು" ಅಂದಳು.

ದೇವೀರಮ್ಮ ನಗು ತಡೆಯಲಾರದೆ ಕೊಟ್ಟಿಗೆಯ ಕಡೆ ತಿರುಗಿ ನಿಂತಿದ್ದಳು. "ಎಲ್ರೂ ಕಾಯಿದೆ ಪ್ರಕಾರವೇ ಮಾಡುದ್ರು ಕಣ್ರೀ. ಒಬ್ರೂ ತಪ್ಪಲಿಲ್ಲ."

ಜವರಯ್ಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಯೋಚಿಸಿದ. ತಪ್ಪು ಸಿಕ್ಕಿತು. ಮಿಲ್ಲಿನ ಬಾಯ್ಲರಿಗೆ ಒಬ್ಬನೇ ಯಜಮಾನ. ಇಲ್ಲಿ ಮನೆಗೆಲ್ಲ ಯಜಮಾನಿಕೆ ಕೊಟ್ಟಿದ್ದ. ಕಾಯಿದೆಗೆ ತಿದ್ದುಪಡಿ ಬಂತು. ಇನ್ನು ಮೇಲೆ ಒಲೆ ಮುಟ್ಟುವವಳು ನಾಗಮಣಿ ಒಬ್ಬಳೇ. ಕೊಡ ಮುಟ್ಟುವವಳು ದೇವೀರಮ್ಮ ಒಬ್ಬಳೇ. ಕೂಗು ಕೇಳಿ ಅಪ್ಪಣೆ ಕೊಡುವವನು ಜವರಯ್ಯ. ಒಂದು ಸೌದೆ ಇಟ್ಟ ಮೇಲೆ ಪುಟ್ಟತಾಯಮ್ಮ ಎಲೆ ಅಡಿಕೆ ಹಾಕಿಕೊಂಡು, ಅಗಿದು, ಉಗಿಯುವವರೆಗೆ ಇನ್ನೊಂದು ಸೌದೆ ಇಡುವಂತಿಲ್ಲ.

"ಇದು ಒಳ್ಳೆ ಕಾಯಿದೆ" ಎಂದು ಪುಟ್ಟತಾಯಮ್ಮ ಆ ಕೂಡಲೇ ಎಲೆ ಅಡಿಕೆ ಚೀಲ ಬಿಚ್ಚಿದಳು.

ಈ ಸಲ ನಾಗಮಣಿಯನ್ನು ಒಳಗೆ ಕೂರಿಸಿ, ಒಲೆಗೆ ಪ್ರೇಮಲೀಲೆಯನ್ನು ಬದಲಿಗೆ ಹಾಕಿ ನೋಡಿದರು. ನೀರು ಹದವಾಗಿ ಬಂತು. ಜವರಯ್ಯ ಮೀಸೆಯ ಮೇಲೆ ಕೈಯಾಡಿಸಿದ. ಕೈಯಾಡಿಸಿದ್ದೇ ತಪ್ಪಾಯಿತೋ ಏನೋ, ಮಾರನೆಯ ದಿನ ಮಳೆ ಹಿಡಿಯಿತು.

ಹಿತ್ತಿಲಲ್ಲಿ ಜೋಡಿಸಿದ್ದ ಸೌದೆಯೆಲ್ಲ ನೆನೆಯಿತು. ಮತ್ತೆ ತಾಲೀಮು ಮಾಡಿದಾಗ ಸೌದೆ ಉರಿಯುವ ಬದಲು ಅತ್ತಿತು. ಪುಟ್ಟತಾಯಮ್ಮ ಎಲೆ ಅಡಿಕೆ ಉಗಿದು, ಮತ್ತೊಂದು ಹಾಕಿ, ಅದನ್ನೂ ಉಗಿದು, ತಲೆ ಸುತ್ತಿ ಕಂಬಕ್ಕೊರಗಿದರೂ ನೀರು ಉಗುರು ಬೆಚ್ಚಗೂ ಆಗಲಿಲ್ಲ.

"ನಿಮ್ ಕಾಯಿದೆ ಮೊನ್ನೆದು, ಸೌದೆ ಇವತ್ತಿಂದು" ಅಂದಳು ದೇವೀರಮ್ಮ.

ಜವರಯ್ಯ ಇನ್ನೊಂದು ತಿದ್ದುಪಡಿ ತಂದ. ಹಬ್ಬದ ದಿನ ಶುರುವಿಗೇ ಒಲೆ ತುಂಬ ಸೌದೆ ತುಂಬಿಸುವುದು, ಹಸಿ ಸೌದೆಯಾದ್ದರಿಂದ ನಿಧಾನವಾಗಿ ಹತ್ತುತ್ತದೆ, ಅಳಿಯ ಎಣ್ಣೆ ಹಚ್ಚಿಸಿಕೊಂಡು ಬರುವ ಹೊತ್ತಿಗೆ ಸರಿಯಾಗುತ್ತದೆ. ಹೇಳಿ ಮಿಲ್ಲಿಗೆ ಹೋದ. ಅವನು ಹೋದ ಮೇಲೆ ದೇವೀರಮ್ಮ, ಹಬ್ಬದ ದಿನ ಹೊಗೆ ಕುಡಿಯುವ ಕರ್ಮ ಯಾರಿಗೆ ಬೇಕೆಂದು, ಅಡುಗೆಮನೆಯ ಅಟ್ಟದ ಮೇಲೆ ಬೇಸಿಗೆಯಿಂದ ಬೆಚ್ಚಗೆ ಮಲಗಿದ್ದ ಒಣ ಸೌದೆ ಇಳಿಸಿ ಒಲೆಯ ಪಕ್ಕ ಪೇರಿಸಿಟ್ಟಳು. ಗಂಡನಿಗೆ ಹೇಳಲಿಲ್ಲ. ಸೌದೆ ಒಣಗಿದ್ದರೆ ಹೇಳಬೇಕೆಂದು ಕಾಯಿದೆಯಲ್ಲಿ ಎಲ್ಲೂ ಇರಲಿಲ್ಲ.

ನೀರು ತುಂಬುವ ದಿನ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿದರು. ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೆ ಹಾಗಲ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದರು. ಸಂಜೆಯ ಬಸ್ಸಿಗೆ ಅಳಿಯ ಬಸವರಾಜು, ಅವನ ಹಿಂದೆ ಸರೋಜಮ್ಮ ಬಂದರು. ಸರೋಜಮ್ಮ ಕಾಲು ತೊಳೆಯಲು ಕೊಟ್ಟ ನೀರಿಗೆ ಬೆರಳದ್ದಿ, "ಇದು ತಣ್ಣಗಿದ್ರೂ ನಡೀತದೆ ಬುಡಿ" ಅಂದರು. ಜವರಯ್ಯ ಹಲ್ಲು ಕಚ್ಚಿಕೊಂಡು ನಕ್ಕ.

ಬಸವರಾಜು ಸ್ಕೂಲ್ ಮೇಷ್ಟ್ರು. ಸಾಧು ಅಂದರೆ ಅಂಥಿಂಥ ಸಾಧುವಲ್ಲ. ಅವತ್ತು ರಾತ್ರಿ ಊಟಕ್ಕೆ, ಗಡಿಬಿಡಿಯಲ್ಲಿ ದೇವೀರಮ್ಮ ಒಂದು ಸಲ, ಪ್ರೇಮಲೀಲಾ ಒಂದು ಸಲ ಸಾರಿಗೆ ಉಪ್ಪು ಹಾಕಿದ್ದರು. ಅಳಿಯ ಅದನ್ನು ಸುರಿಸಿಕೊಂಡು ಉಂಡ. ಹೇಗಿದೆ ಅಂದರೆ "ಚೆನ್ನಾಗದೆ ಅತ್ತೆ" ಅಂದ. ಇನ್ನೊಂದು ಸೌಟು ಹಾಕಿದರೆ ಅದನ್ನೂ ಉಂಡ. ಆಮೇಲೆ ಚೆಂಬುಗಟ್ಟಲೆ ನೀರು ಕುಡಿದ. ಜವರಯ್ಯನಿಗೆ ಅಳಿಯನ ಮೇಲೆ ಅಭಿಮಾನ ಉಕ್ಕಿತು. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಅಂದುಕೊಂಡ. ಆ ಹೊತ್ತಿಗೆ ಅವನಿಗೆ ತನ್ನ ಕಾಯಿದೆಯ ನೆನಪು ಬಂದಿದ್ದರೆ ಎಷ್ಟೋ ಉಳಿಯುತ್ತಿತ್ತು.

ಬೆಳಗಿನ ಜಾವ ಅಳಿಯನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿ ಎಣ್ಣೆ ಶಾಸ್ತ್ರ ಮಾಡಿದರು. ಪುಟ್ಟತಾಯಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ನಾಗಮಣಿ ಕಾಯಿದೆ ಪ್ರಕಾರ ಒಲೆ ತುಂಬ ಸೌದೆ ತುಂಬಿ ಬೆಂಕಿ ಹಾಕಿದಳು. ದೇವೀರಮ್ಮ ಸೀರೆ ಎತ್ತಿ ಸಿಕ್ಕಿಸಿ, ಒಗೆಯುವ ಕಲ್ಲಿನ ಮೇಲೆ ಕೊಡ ಹಿಡಿದು ನಿಂತಳು. ಗಂಡನ ಬೆನ್ನಿಗೆ ನೀರು ಹಾಕು ಹೋಗು ಎಂದರೆ ಪ್ರೇಮಲೀಲಾ, ಅಪ್ಪ ಅತ್ತೆ ಎಲ್ಲ ಬಾಗಿಲಲ್ಲೇ ನಿಂತಿರುವಾಗ ಒಲ್ಲೆನೆಂದು ಓಡಿಹೋದಳು. ಸರೋಜಮ್ಮ ಶಾಲು ಹೊದ್ದು ಹಿತ್ತಿಲ ಜಗಲಿಯ ಮೇಲೆ, ತಪಾಸಣೆಗೆ ಬಂದ ಇನ್ಸ್‌ಪೆಕ್ಟರ ಹಾಗೆ ಕೂತರು.

ಅಳಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚೆಂಬಿನ ಸದ್ದು ಕೇಳಿತು.

"ನೀರೆಂಗದೆ ಅಳಿಯಂದ್ರೇ?" ಎಂದು ಜವರಯ್ಯ ಕೇಳಿದ.

"ಚೆನ್ನಾಗದೆ ಮಾವ."

(ಆ ಗಳಿಗೆಯಲ್ಲಿ ನೀರು ನಿಜವಾಗಿ ತಣ್ಣಗೆ ಕೊರೆಯುತ್ತಿತ್ತು. ಆದರೆ ಮದುವೆಯಾದ ಹೊಸತು, ಮಾವನ ಮನೆಯಲ್ಲಿ ಮೊದಲ ಹಬ್ಬ. ನೀರು ತಣ್ಣಗಿದೆ ಎಂದು ಹೇಳುವ ಅಳಿಯ ಮೈಸೂರು ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.)

ಜವರಯ್ಯ ಕೈ ಎತ್ತಿದ. "ಚೆನ್ನಾಗದಂತೆ. ಯಾರೂ ಏನೂ ಮುಟ್ಟಬ್ಯಾಡಿ."

ಯಾರೂ ಮುಟ್ಟಲಿಲ್ಲ. ಆದರೆ ಬೆಂಕಿಗೆ ಯಾರೂ ಮುಟ್ಟುವ ಅಗತ್ಯ ಇರಲಿಲ್ಲ. ಅಟ್ಟದ ಮೇಲಿನ ಒಣ ಸೌದೆ ಪಟಪಟ ಅಂದಿತು, ಧಗಧಗ ಅಂದಿತು, ಒಲೆಯ ಬಾಯಿ ದಾಟಿ ನಾಲಿಗೆ ಚಾಚಿತು.

"ಈಗೆಂಗದೆ?"

"ಚೆನ್ನಾಗದೆ ಮಾವ." ಧ್ವನಿ ಸ್ವಲ್ಪ ಮೇಲಕ್ಕೆ ಹೋಗಿತ್ತು.

ಜವರಯ್ಯ ಎದೆ ಉಬ್ಬಿಸಿ ಜಗಲಿಯ ಕಡೆ ತಿರುಗಿದ. "ಕೇಳಿಸ್ಕಂಡ್ರಾ ಸರೋಜಮ್ನೋರೇ?"

"ಕೇಳುಸ್ತು ಕಣಪ್ಪ" ಅಂದರು ಸರೋಜಮ್ಮ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಇಷ್ಟು ದಿನ ಊಟದ ಮುಂಚೆ ಬಡಿಸುತ್ತಿದ್ದ ಕಥೆ ಕೈಬಿಟ್ಟು ಹೋಗುತ್ತದಲ್ಲ ಎಂದು ಅವರಿಗೂ ಬೇಜಾರು ಇರುತ್ತದೆ.

ಕಲ್ಲಿನ ಮೇಲಿಂದ ದೇವೀರಮ್ಮ ಪಿಸುಗುಟ್ಟಿದಳು. "ರೀ, ಕಿಂಡೀಲಿ ಹೊಗೆ ಬತ್ತಾ ಅದೆ."

"ಹೊಗೆ ಅಲ್ಲ, ಉಗಿ. ಬರ್ಲಿ."

"ಒಂದು ಕೊಡ ಹುಯ್ಲಾ?"

"ಅವರು ಬಿಸಿ ಅಂದ್ರಾ?"

"ಅನ್ಲಿಲ್ಲ. ಆದ್ರೂ..."

"ಬಿಸಿ ಅಂದ್ಮೇಲೆ ಹುಯ್ಯಿ. ಇಲ್ದಿದ್ರೆ ಕಾಯಿದೆ ಯಾಕೆ ಮಾಡೋದು?" ಎಂದು ಜವರಯ್ಯ ಬಚ್ಚಲಿನ ಬಾಗಿಲಿಗೆ ಬಾಯಿಟ್ಟ. "ಈಗೆಂಗದೆ ಅಳಿಯಂದ್ರೇ?"

ಒಳಗೆ ಗೋಡೆಯ ಕಡೆಗೆ ಸರಿದ ಸದ್ದಾಯಿತು. ಆಮೇಲೆ, "ಬಹಳ... ಬಹಳ ಚೆನ್ನಾಗದೆ ಮಾವ."

ಕಂಬಕ್ಕೊರಗಿ ಎಲೆ ಅಡಿಕೆ ಅಗಿಯುತ್ತಿದ್ದ ಪುಟ್ಟತಾಯಮ್ಮ ಅಗಿಯುವುದನ್ನು ನಿಲ್ಲಿಸಿದಳು. "ಲೇ ಜವ್ರ, ಚೆಂಬಿನ ಸದ್ದೇ ಇಲ್ವಲ್ಲೋ. ನೀರೇ ಹುಯ್ಕಳ್ದೆ ಅದೆಂಗ್ಲಾ ಚೆನ್ನಾಗದೆ ಅಂತಾನೆ?"

ಎಲ್ಲರೂ ಕಿವಿಗೊಟ್ಟರು. ನಿಜ. ಚೆಂಬಿನ ಸದ್ದಿಲ್ಲ. ಹಂಡೆ ಕೊತಕೊತ ಎನ್ನುವ ಸದ್ದು ಮಾತ್ರ ಇತ್ತು.

ಸರೋಜಮ್ಮ ಶಾಲು ಬಿಸಾಡಿ ಎದ್ದರು. "ಅಯ್ಯೋ ನನ್ ಕಂದ! ಇವನು ಚಿಕ್ಕೋನಿದ್ದಾಗ್ಲಿಂದ ಹಿಂಗೇಯ. ಇರುವೆ ಗೂಡಿನ ಮ್ಯಾಲೆ ಕೂರುಸುದ್ರೂ ಚೆನ್ನಾಗದೆ ಅಂತಾನೆ. ಲೋ ಬಸ್ವರಾಜು! ನಾನು ನಿಮ್ಮವ್ವ ಕಣೋ ಕೇಳ್ತಿರೋದು. ನೀರೆಂಗದೆ ನಿಜ ಹೇಳೋ!"

"ಸ್ವಲ್ಪ... ಬೆಚ್ಚಗದೆ ಅವ್ವ."

"ಕುದೀತಾ ಅದೆ ಕಣ್ರೋ!" ಎಂದು ಸರೋಜಮ್ಮ ಮಗನ ಮಾತಿಗೆ ಅರ್ಥ ಹೇಳಿದರು.

ಕಾಯಿದೆ ಅಲ್ಲಿಗೆ ಮುರಿದುಬಿತ್ತು. ಜವರಯ್ಯ ಒಲೆಯ ಮುಂದೆ ಬಿದ್ದು ಕೊಳ್ಳಿ ಎಳೆದ. ಕೊಳ್ಳಿಗಿಂತ ಮುಂಚೆ ಕೆಂಡ ಬಂದು ಅವನ ಹೊಸ ಪಂಚೆಯ ಅಂಚನ್ನು ಹಿಡಿಯಿತು. ದೇವೀರಮ್ಮ ಕೊಡವನ್ನು ಕಿಂಡಿಗೆ ಬಗ್ಗಿಸಿದಳು. ನಾಗಮಣಿ ಹಿಂದಿನಿಂದ ಇನ್ನೊಂದು ಕೊಡ ತಂದುಕೊಟ್ಟಳು. ಗಾಬರಿಯಲ್ಲಿ ಗುರಿ ತಪ್ಪಿತು. ಹಂಡೆಯ ಬದಲು, ಕಣ್ಣಿಗೆಲ್ಲ ಸೀಗೆಪುಡಿ ಮೆತ್ತಿಕೊಂಡು ಬಿಸಿಯಿಂದ ತಪ್ಪಿಸಿಕೊಳ್ಳಲು ಗೋಡೆಗೆ ಅಂಟಿ ನಿಂತಿದ್ದ ಅಳಿಯನ ನೆತ್ತಿಯ ಮೇಲೆ ಆ ಮಳೆಗಾಲದ ತಣ್ಣೀರು ಎರಡು ಕೊಡವೂ ಪೂರ್ತಿ ಇಳಿಯಿತು.

"ಅವ್ವೋ!" ಎಂದು ಅಳಿಯ ಕಿರುಚಿದ. ಮಾವನ ಮನೆಗೆ ಬಂದ ಮೇಲೆ ಅವನ ಬಾಯಿಂದ ಬಂದ ಮೊದಲನೆಯ ನಿಜವಾದ ಮಾತು ಅದು.

ಸ್ವಲ್ಪ ಹೊತ್ತಿಗೆ ಬಸವರಾಜು ಹೊಸ ಟವಲು ಸುತ್ತಿಕೊಂಡು ಹೊರಗೆ ಬಂದ. ಎಡಗೈ ಕೆಂಪಗೆ ಬೆಂದ ಗೆಣಸಿನ ಹಾಗಿತ್ತು, ಉಳಿದ ಮೈಗೆಲ್ಲ ನವಿರು ಎದ್ದಿತ್ತು. ಕಿವಿಯ ಹಿಂದೆ ಸೀಗೆಪುಡಿ. ಆದರೂ ಕೈಮುಗಿದು, "ಸ್ನಾನ ಬಹಳ ಚೆನ್ನಾಗಾಯ್ತು ಮಾವ" ಅಂದ.

ಜವರಯ್ಯನಿಗೆ ತಡೆಯಲಾಗಲಿಲ್ಲ. ಎಂದೂ ಆಡದಷ್ಟು ಮಾತು ಆಡಿದ. "ಬಾಯ್ಬುಟ್ಟು ಹೇಳ್ಬೇಕು ಅಳಿಯಂದ್ರೇ. ತಣ್ಣಗಿದ್ರೆ ತಣ್ಣಗೆ ಅನ್ಬೇಕು. ಬಿಸಿ ಇದ್ರೆ ಬಿಸಿ ಅನ್ಬೇಕು. ಮುಳ್ಳೇ ಸುಳ್ಳು ಹೇಳುದ್ರೆ ಬಾಯ್ಲರ್ ಸಿಡಿಯಾಕಿಲ್ವ? ನೀರಿನ ವಿಷ್ಯದಲ್ಲಿ ಎಂಥಾ ದಾಕ್ಷಿಣ್ಯ?"

"ಅಂಗಲ್ಲ ಮಾವ..." ಎಂದು ಬಸವರಾಜು ನೆಲ ನೋಡಿದ.

"ನೀವಾಗಿದ್ರೆ ಹೇಳ್ತಿದ್ರಾ ಬೀಗ್ರೇ?" ಎಂದು ಸರೋಜಮ್ಮ ಕೇಳಿದರು.

"ಧಾರಾಳವಾಗಿ!"

ಸರೋಜಮ್ಮ ತಮ್ಮ ಸ್ನಾನಕ್ಕೆ ಎದ್ದರು. ಜವರಯ್ಯ ಪಂಚೆ ಬದಲಾಯಿಸಲು ಒಳಗೆ ಹೋಗಿದ್ದ. ಬೀಗಿತಿಯರಿಬ್ಬರೂ ಸೇರಿ ಗಡೀಪಾರಾಗಿದ್ದ ಬಾನಿಯನ್ನು ಎತ್ತಿಕೊಂಡು ಬಚ್ಚಲಿಗೆ ತಂದರು. ದೇವೀರಮ್ಮ ಹಂಡೆಗೆ ಕೈ ಅದ್ದಿದಳು, ಸ್ವಲ್ಪ ಬೆರೆಸಿದಳು, ಮತ್ತೆ ಅದ್ದಿದಳು, ಬೆನ್ನಿಗೆ ಹುಯ್ದಳು. ಒಳಗಿನಿಂದ ಇಬ್ಬರ ನಗುವೂ ಹೊರಗೆ ಕೇಳುತ್ತಿತ್ತು. ಯಾವುದರ ಬಗ್ಗೆ ನಗುತ್ತಿದ್ದರು ಎಂದು ಕೇಳುವ ಧೈರ್ಯ ಜವರಯ್ಯನಿಗೆ ಬರಲಿಲ್ಲ. ಹೊರಗೆ ಬಂದ ಸರೋಜಮ್ಮ ಕೂದಲು ಹಿಂಡುತ್ತ, "ಮೈ ಎಲ್ಲ ಹಗುರಾಯ್ತು ಕಣ್ ದೇವೀರಮ್ಮ. ನಿಮ್ ಕೈ ನೀರು ಅಂದ್ರೆ ನೀರು" ಅಂದರು. ಜವರಯ್ಯನ ಹೆಸರು ಎತ್ತಲಿಲ್ಲ. ಅವರ ಹಿಂದೆ ಪುಟ್ಟತಾಯಮ್ಮ, ಪ್ರೇಮಲೀಲಾ, ನಾಗಮಣಿ ಎಲ್ಲರದೂ ಹಾಗೆಯೇ ಆಯಿತು. ಹಂಡೆ ಬರಿದಾಯಿತು. ದೇವೀರಮ್ಮ ಗಂಡನಿಗೆಂದು ಮತ್ತೆ ಕತ್ತಿನವರೆಗೆ ನೀರು ತುಂಬಿಸಿದಳು. ತುಂಬಿಸಿದವಳು ಕಜ್ಜಾಯದ ಹಿಟ್ಟು ನೆನಪಾಗಿ ಒಳಗೆ ಓಡಿದಳು. ಒಲೆಯಲ್ಲಿ ಕೆಂಡ ಮಾತ್ರ ಉಳಿದಿತ್ತು.

ಜವರಯ್ಯ ಮೈಗೆ ಎಣ್ಣೆ ಹಚ್ಚಿಕೊಂಡು, ಬಾಗಿಲು ಹಾಕಿಕೊಂಡು, ಮೊದಲ ಚೆಂಬು ತಲೆಗೆ ಹುಯ್ದುಕೊಂಡ.

ಉಸಿರು ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಹಂಡೆಯಲ್ಲಿದ್ದದ್ದು ಕಾವೇರಿಯ ನೀರು, ನಲ್ಲಿಯಿಂದ ನೇರವಾಗಿ ಬಂದು ಒಂದು ಚೂರೂ ದಾರಿಯಲ್ಲಿ ಬಿಸಿಯಾಗದ್ದು. ಅವನು ಹೇಗೋ ಸುಧಾರಿಸಿಕೊಂಡು, "ತಣ್ಣಗದೆ" ಎಂದು ಕೂಗಲು ಬಾಯಿ ತೆರೆದ.

ಅಷ್ಟರಲ್ಲಿ ಬಾಗಿಲ ಹೊರಗಿನಿಂದ ಜೇನಿನಂಥ ಧ್ವನಿಯೊಂದು ಬಂತು. "ಬೀಗ್ರೇ, ನೀರೆಂಗದೆ?"

ಸರೋಜಮ್ಮ.

ಜವರಯ್ಯ ಬಾಯಿ ತೆರೆದುಕೊಂಡೇ ನಿಂತ. ತಣ್ಣಗದೆ ಅಂದರೆ? ಬಾಯ್ಲರ್ ಜವರಯ್ಯನ ಮನೆಯಲ್ಲಿ ಜವರಯ್ಯನಿಗೇ ಬಿಸಿನೀರಿಲ್ಲ. ಈ ಕಥೆ ಮೊದಲ ಬಸ್ಸಿಗೇ ಇಲವಾಲಕ್ಕೆ ಹೋಗುತ್ತದೆ, ಅಲ್ಲಿಂದ ಹುಣಸೂರು. ಮಿಲ್ಲಿಗೂ ಬರುತ್ತದೆ. ಎಣ್ಣೆ ಕಣ್ಣಿಗೆ ಇಳಿಯುತ್ತಿತ್ತು. ಹಲ್ಲು ಹಲ್ಲಿಗೆ ಬಡಿಯುತ್ತಿತ್ತು.

"ಚೆ... ಚೆ... ಚೆನ್ನಾಗದೆ!"

"ಚೆನ್ನಾಗದಂತೆ ಕಣ್ ದೇವೀರಮ್ಮ!" ಎಂದು ಸರೋಜಮ್ಮ ಅಡುಗೆಮನೆಯ ಕಡೆ ಕೂಗಿದರು.

"ಹಂಗಾದ್ರೆ ಒಲೆ ಮುಟ್ಟಬ್ಯಾಡ ಕಣೇ ನಾಗಮಣಿ" ಎಂದು ದೇವೀರಮ್ಮನ ಧ್ವನಿ ಬಂತು. ಸ್ವಲ್ಪ ಯೋಚಿಸಿ, "ಇನ್ನ ಆ ಕೆಂಡ ಅಲ್ಯಾಕೆ? ಬಾಚ್ಕೊಂಡು ಒಳೀಕ್ ತಾ. ಕಜ್ಜಾಯದ ಬಾಣ್ಲಿ ಇಡ್ಬೇಕು" ಅಂದಳು.

ಹಿತ್ತಿಲಲ್ಲಿ ಕೆಂಡ ಬಾಚುವ ಸದ್ದನ್ನು ಜವರಯ್ಯ ಗೋಡೆಯ ಈಚೆಯಿಂದ ಪೂರ್ತಿಯಾಗಿ ಕೇಳಿಸಿಕೊಂಡ. ಆಮೇಲೆ ಬಾಗಿಲಿನ ಸಂದಿನಲ್ಲಿ ಯಾರೋ ಮೆತ್ತಗೆ ಕೆಮ್ಮಿದರು. ಅಳಿಯ.

"ಮಾವ" ಎಂದು ಬಸವರಾಜು ಪಿಸುಗುಟ್ಟಿದ. "'ಬಹಳ' ಅಂತ ಸೇರ್ಸಬ್ಯಾಡಿ. ಸೇರ್ಸುದ್ರೆ ನಮ್ಮವ್ವಂಗೆ ಗೊತ್ತಾಗೋಯ್ತದೆ."

ಜವರಯ್ಯನ ಮೈಮೇಲೆ ಎಣ್ಣೆ ಹಾಗೇ ಇತ್ತು. ಒಂದು ಉಪಾಯ ಹೊಳೆಯಿತು. ಚೆಂಬಿನಲ್ಲಿ ನೀರು ತೋಡಿ, ಮೈಯಿಂದ ದೂರ ಹಿಡಿದು, ಬಚ್ಚಲ ಚಪ್ಪಡಿಯ ಮೇಲೆ ಸುರಿದ. ಇನ್ನೊಂದು ತೋಡಿ ಸುರಿದ. ಹೀಗೇ ಹಂಡೆ ಖಾಲಿ ಮಾಡಿ, ಎಣ್ಣೆಯನ್ನು ಟವಲಿನಲ್ಲಿ ಒರೆಸಿಕೊಂಡು ಹೊರಗೆ ಹೋದರೆ ಯಾರಿಗೆ ತಿಳಿಯುತ್ತದೆ?

ಮೂರನೆಯ ಚೆಂಬು ಚಪ್ಪಡಿಗೆ ಬೀಳುವಾಗ ಕಂಬದ ಕಡೆಯಿಂದ ಪುಟ್ಟತಾಯಮ್ಮ ಎಲೆ ಅಡಿಕೆ ಉಗಿದ ಸದ್ದಾಯಿತು.

"ಲೇ ಜವ್ರ! ಕಲ್ಲಿಗ್ಯಾಕ್ಲಾ ಸ್ನಾನ ಮಾಡುಸ್ತಿದ್ದೀಯೆ?"

ಹೊರಗೆ ಎಲ್ಲ ಸದ್ದೂ ನಿಂತಿತು. ಎಲ್ಲರೂ ಕಿವಿಗೊಟ್ಟು ನಿಂತಿದ್ದಾರೆ ಎಂದು ಜವರಯ್ಯನಿಗೆ ನೋಡದೆಯೇ ತಿಳಿಯಿತು. ಅವನು ಕಣ್ಣು ಮುಚ್ಚಿ, ಚೆಂಬನ್ನು ತುಂಬಿಸಿ, ನೆತ್ತಿಯ ಮೇಲಕ್ಕೆ ಎತ್ತಿದ.